ವೆಂಟಿಲೇಟರ್ ತೆಗೆಯಲು ಒಪ್ಪಿದರೆ ಕೊಂದಂತೆಯೇ?

ಪ್ರಶ್ನೆ: ಎಂಬತ್ತನಾಲ್ಕರ ನಮ್ಮ ತಂದೆಯವರು ಮಿದುಳಿನ ರಕ್ತಸ್ರಾವದಿಂದ ಪ್ರಜ್ಞೆ ತಪ್ಪಿ, ಮೂರು ವಾರಗಳಿಂದ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ವೆಂಟಿಲೇಟರ್ ಮೇಲಿದ್ದಾರೆ. ಚೇತರಿಕೆಯ ಭರವಸೆಯಿಲ್ಲವೆಂದು ವೈದ್ಯರು ಹೇಳಿದ್ದಾರೆ. ಅಬುಧಾಬಿಯಲ್ಲಿರುವ ಅಣ್ಣ ‘ತೆಗೆಯಲು ಒಪ್ಪಿದರೆ ನಾವೇ ಕೊಂದಂತೆ’ ಎನ್ನುತ್ತಾರೆ. ಇದು ಅಪರಾಧವೇ, ಪಾಪವೇ?
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಕ್ರಮಪ್ರಕಾರ ಮಾಡಿದರೆ ಅಪರಾಧವಲ್ಲ. ಘನತೆಯಿಂದ ಸಾಯುವುದೂ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೆ ಸೇರಿದೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪಿತ್ತಿತು. 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನೊಳಗೊಂಡ ಮೂವರ ಮಂಡಳಿಯೊಂದು, ಬಳಿಕ ಮತ್ತೊಂದು ಮೂವರ ಮಂಡಳಿ ಪರಿಶೀಲಿಸಿ ಒಪ್ಪಬೇಕು. ಮನೆಯವರ ಸಮ್ಮತಿ ಬೇಕು. ಜಾರಿಗೆ ಮುನ್ನ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಇದನ್ನು ಜಾರಿಗೊಳಿಸಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದೆ. ಸಾಯಿಸಲೆಂದೇ ಮದ್ದು ಚುಚ್ಚುವುದು ಮಾತ್ರ ಇಂದಿಗೂ ಅಪರಾಧವೇ.

ಪಾಪದ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಗಂಟಲಿಗಿಳಿಸಿದ ನಳಿಗೆಯಿಂದ ಕಫ ಹೀರುವಾಗ ಮೈ ಅದುರುವುದನ್ನೂ ಸೂಜಿ ಚುಚ್ಚಲು ಜಾಗ ಉಳಿಯದಂತೆ ನೀಲಿಗಟ್ಟಿದ ಕೈಗಳನ್ನೂ ನೀವು ದಿನವೂ ನೋಡುತ್ತಿರಬಹುದು. ಅಣ್ಣನವರಿಗೆ ಫೋನಿನಲ್ಲಿ ಕಾಣುವುದು ಏರಿಳಿಯುವ ಎದೆ ಮಾತ್ರ. ಆದ್ದರಿಂದ ಅವರನ್ನು ಹಟಮಾರಿ ಎನ್ನಬೇಡಿ. ಯಂತ್ರ ತೆಗೆದಾಗ ಪ್ರಾಣ ಹೋಗುವುದು ರೋಗದಿಂದ, ನಿಮ್ಮ ಸಹಿಯಿಂದಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದರೆ ಪ್ರಜ್ಞೆಯಿಲ್ಲದ ಜೀವಕ್ಕೆ ಬೆಲೆಯಿಲ್ಲವೆಂದು ಇದರ ಅರ್ಥವಲ್ಲ. ನಮ್ಮ ಕರಾವಳಿಯ ಹಳದೀಪುರದ ಅರುಣಾ ಶಾನಭಾಗರು ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದರು; 1973ರಲ್ಲಿ ಹಲ್ಲೆಗೊಳಗಾಗಿ ಪ್ರಜ್ಞೆ ಕಳೆದುಕೊಂಡ ಮೇಲೆ ಅಲ್ಲಿಯ ದಾದಿಯರು ಅವರನ್ನು 2015ರವರೆಗೆ ಮನೆಮಗಳಂತೆ ನೋಡಿಕೊಂಡರು. ಅವರು ಸ್ವತಃ ಉಸಿರಾಡುತ್ತಿದ್ದರು, ನೋಡಿಕೊಂಡವರು ಬದುಕಿಸಿಕೊಳ್ಳಲು ಬಯಸಿದ್ದರು. ದಯಾಮರಣದ ಕೋರಿಕೆಯನ್ನು ನ್ಯಾಯಾಲಯ 2011ರಲ್ಲಿ ತಿರಸ್ಕರಿಸಿದ್ದು ಸರಿಯೆಂದೇ ನಾನು ಭಾವಿಸುತ್ತೇನೆ. ನಿಮ್ಮ ತಂದೆಯವರ ಸ್ಥಿತಿ ಬೇರೆ.

ಚರ್ಚೆ ‘ನಮಗೆ ತಡೆದುಕೊಳ್ಳಲು ಸಾಧ್ಯವೇ’ ಎಂಬುದರ ಸುತ್ತ ಸುತ್ತಬಾರದು. ಇಂಥ ಸ್ಥಿತಿಯಲ್ಲಿದ್ದ ನೆಂಟರನ್ನು ನೋಡಿ ಬಂದಾಗ ತಂದೆಯವರು ಏನು ಹೇಳಿದ್ದರು, ತಮಗೇನು ಬೇಕೆಂದಿದ್ದರು ಎಂಬುದನ್ನು ಇಬ್ಬರೂ ನೆನಪಿಸಿಕೊಳ್ಳಿ. ಆಸ್ಪತ್ರೆಯ ಖರ್ಚು ಭಾರವಾಗಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಅಣ್ಣನವರನ್ನು ಬಿಟ್ಟು ಸಹಿ ಹಾಕಬೇಡಿ. ಸಾಧ್ಯವಾದರೆ ಅವರು ಬಂದು ಹಾಸಿಗೆಯ ಪಕ್ಕದಲ್ಲಿ ಒಂದೆರಡು ದಿನ ಕುಳಿತಿರಲಿ. ಆಗದಿದ್ದರೆ ವೈದ್ಯರೇ ಅವರೊಡನೆ ವಿಡಿಯೋ ಕರೆಯಲ್ಲಿ ಮಾತನಾಡಲಿ. ಯಂತ್ರ ತೆಗೆದ ಬಳಿಕವೂ ನೋವು ಮತ್ತು ಉಸಿರುಗಟ್ಟುವಿಕೆಗೆ ಔಷಧಿ ಮುಂದುವರಿಯುವುದೇ ಎಂದು ಅದೇ ಮಾತುಕತೆಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.