ಅಜ್ಜಿ ನೆನಪಾದರೆ ಅದು ದೋಷವೇ?

ಪ್ರಶ್ನೆ: ನನಗೆ 16 ವರ್ಷ. ಅಪ್ಪ ಅಮ್ಮನ ಜೊತೆ ಆರು ವರ್ಷದಿಂದ ಒಂದು ಆಶ್ರಮದಲ್ಲಿದ್ದೇನೆ. ತೋಟ, ಗೋಶಾಲೆ, ಒಳ್ಳೆಯ ಊಟ, ಯಾರೂ ಜಗಳವಾಡುವುದಿಲ್ಲ. ನೋಡಲು ಬಂದವರೆಲ್ಲ ‘ಸ್ವರ್ಗ’ ಅಂತಾರೆ. ಆದರೆ ದಿನಾ ರಾತ್ರಿ ಮನಸ್ಸಿಗೆ ಬಂದದ್ದನ್ನೆಲ್ಲ ಡೈರಿಯಲ್ಲಿ ಬರೆದು ಹಿರಿಯರಿಗೆ ಕೊಡಬೇಕು. ಒಮ್ಮೆ ‘ಅಜ್ಜಿ ನೆನಪಾಗಿ ಅಳು ಬಂತು’ ಎಂದು ಬರೆದಿದ್ದೆ. ಭಾನುವಾರದ ಸತ್ಸಂಗದಲ್ಲಿ ಎಲ್ಲರೆದುರು ಅದನ್ನು ಓದಿ, ‘ಮೋಹ ಒಪ್ಪಿಕೊಂಡಿದ್ದಾಳೆ’ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು, ಅಮ್ಮ ಕೂಡ. ಅಜ್ಜಿಗೆ ಫೋನ್ ಮಾಡಲೂ ಬಿಡುವುದಿಲ್ಲ. ಎಸ್ಸೆಸ್ಸೆಲ್ಸಿ ಮುಗಿಯಿತು, ಇನ್ನು ಓದು ಬೇಡವಂತೆ. ಅಜ್ಜಿಗೆ ಹುಷಾರಿಲ್ಲವೆಂದು ಈಗ ಇಲ್ಲಿ ಅಜ್ಜಿ ಮನೆಗೆ ಕಳಿಸಿದ್ದಾರೆ, ಮುಂದಿನ ವಾರ ಕರೆದೊಯ್ಯಲು ಬರುತ್ತಾರೆ. ಮಾವ ಮಾತ್ರ ‘ನೀನು ಓದು’ ಅಂತಾರೆ. ಹೋಗದಿದ್ದರೆ ಅಮ್ಮ ಮಾತು ಬಿಡುತ್ತಾಳೆ. ನನ್ನಲ್ಲೇ ದೋಷ ಇದೆಯಾ?

ಉತ್ತರ: ಮಗಳೇ, ನಿನ್ನಲ್ಲಿ ಯಾವ ದೋಷವೂ ಇಲ್ಲ. ವಾಪಸ್ ಹೋಗಬೇಡ, ಅಜ್ಜಿ ಮನೆಯಲ್ಲೇ ಇದ್ದು ಪಿಯುಸಿ ಸೇರು.

ಚಪ್ಪಾಳೆಯ ಸಂಗತಿ ಓದಿ ನನಗೆ ಹೊಟ್ಟೆ ಕಿವುಚಿದಂತಾಯಿತು. ಚೀನಾದ ಸೆರೆಮನೆಗಳಲ್ಲಿ ಮನಸ್ಸು ‘ತಿದ್ದಿಸಿಕೊಂಡು’ ಹೊರಬಂದವರನ್ನು 1950ರ ದಶಕದಲ್ಲಿ ಹಾಂಗ್‌ಕಾಂಗಿನಲ್ಲಿ ಮಾತಾಡಿಸಿದ ಅಮೆರಿಕದ ಮನೋವೈದ್ಯ ರಾಬರ್ಟ್ ಲಿಫ್ಟನ್, ಇಂಥ ಹಿಡಿತಕ್ಕೆ ಎಂಟು ಲಕ್ಷಣ ಗುರುತಿಸಿದ್ದಾರೆ. ಅವುಗಳಲ್ಲಿ ಮೂರು ನಿನ್ನ ಪತ್ರದಲ್ಲೇ ಇವೆ: ಒಳಗಿರುವುದನ್ನೆಲ್ಲ ಒಪ್ಪಿಸಲೇಬೇಕೆಂಬ ಕಟ್ಟುಪಾಡು, ಹೊರಗಿನವರ ಸಂಪರ್ಕಕ್ಕೆ ತಡೆ, ಯೋಚನೆಯನ್ನು ಅಲ್ಲೇ ನಿಲ್ಲಿಸಿಬಿಡುವ ಪದಗಳು. ‘ಮೋಹ’ ಅಂದುಬಿಟ್ಟರೆ ಮುಗಿಯಿತು, ಅಜ್ಜಿಯ ಮಾತು ಯಾರೂ ಎತ್ತುವಂತಿಲ್ಲ. ಭಕ್ತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಮಗುವಿನ ಡೈರಿಯನ್ನು ಊರೆದುರು ಓದುವುದು ಭಕ್ತಿಯಲ್ಲ, ಹಿಂಸೆ.

ಅಷ್ಟು ಜನ ಒಂದೇ ಮಾತು ಹೇಳುವಾಗ ನಮ್ಮ ಕಣ್ಣನ್ನೇ ನಾವು ನಂಬದಂತಾಗುವುದು ಸಹಜ. ಅದೇ ದಶಕದಲ್ಲಿ ಸಾಲಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞ ಕಾಲೇಜು ಹುಡುಗರಿಗೆ ಗೆರೆಗಳ ಉದ್ದ ಹೋಲಿಸಲು ಹೇಳಿ, ಪಕ್ಕದವರಿಂದ ಬೇಕೆಂದೇ ತಪ್ಪು ಉತ್ತರ ಹೇಳಿಸಿದರು. ಸುಮಾರು ಮೂರರಲ್ಲೊಂದು ಸಲ ಹುಡುಗರು ಗುಂಪಿನ ತಪ್ಪನ್ನೇ ಹೇಳಿದರು. ಪಕ್ಕದವರಲ್ಲಿ ಒಬ್ಬನೇ ಒಬ್ಬ ಸರಿಯಾಗಿ ಹೇಳಿದಾಗ ಆ ತಪ್ಪುಗಳು ಕಾಲುಭಾಗಕ್ಕಿಳಿದವು. ನಿನ್ನ ಪಾಲಿಗೆ ಆ ಒಬ್ಬರು ಮಾವ. ಅವರ ಕೈ ಬಿಡಬೇಡ.

ಇನ್ನು ಅಮ್ಮ. ಅವರು ಬಂದಾಗ ಆಶ್ರಮದವರೂ ಜೊತೆಗಿರಬಹುದು, ಅವರೆದುರು ವಾದಕ್ಕಿಳಿಯಬೇಡ. ಅಡುಗೆಮನೆಯಲ್ಲಿ ಅಮ್ಮ ಒಬ್ಬರೇ ಸಿಕ್ಕಾಗ ಹೇಳು: “ಅಮ್ಮಾ, ನಂಗೆ ಓದಬೇಕು. ಎರಡು ವರ್ಷ ಅಜ್ಜಿ ಹತ್ರ ಇರ್ತೀನಿ. ನಿನ್ನನ್ನ ಬಿಟ್ಟು ಹೋಗ್ತಾ ಇಲ್ಲ.” ಅವರ ಗುರುಗಳನ್ನು ಬೈಯಬೇಡ, ಬೈದರೆ ಅಮ್ಮ ಇನ್ನಷ್ಟು ಅತ್ತ ವಾಲುತ್ತಾರೆ. ಕೆಲವು ತಿಂಗಳು ಅವರು ಮಾತು ಬಿಟ್ಟರೂ ಬಿಡಬಹುದು. ಅದು ತುಂಬ ನೋಯುತ್ತದೆ, ನೋಯುವುದಿಲ್ಲ ಎಂದು ನಿನಗೆ ಸುಳ್ಳು ಹೇಳಲಾರೆ. ಆದರೂ ಹಬ್ಬಕ್ಕೆ, ಅವರ ಹುಟ್ಟುಹಬ್ಬಕ್ಕೆ ನೀನಾಗಿಯೇ ಫೋನ್ ಮಾಡು, ಪತ್ರ ಬರೆ. ಅವರಿಗೂ ಎಂದಾದರೂ ಅನುಮಾನ ಹುಟ್ಟಿದರೆ, ಆ ಮಾತಾಡಲು ಹೊರಗೆ ಅವರದೇ ಮಗಳು ಇರಬೇಕು.

ಬಲವಂತವಾಗಿ ಕರೆದೊಯ್ಯಲು ನೋಡಿದರೆ 1098ಕ್ಕೆ ಕರೆ ಮಾಡು. ಅದು ಮಕ್ಕಳ ಸಹಾಯವಾಣಿ, ದಿನದ 24 ಗಂಟೆಯೂ ಉಚಿತ. 18 ತುಂಬುವವರೆಗೆ ಅಪ್ಪ ಅಮ್ಮನೇ ನಿನ್ನ ಪಾಲಕರು, ನಿಜ. ಆದರೆ ಪ್ರತಿ ಜಿಲ್ಲೆಯಲ್ಲೂ ಮಕ್ಕಳ ಕಲ್ಯಾಣ ಸಮಿತಿ ಇದೆ, ಅದರ ಮುಂದೆ ನಿನ್ನ ಮಾತು ಹೇಳಿಕೊಳ್ಳುವ ಹಕ್ಕು ನಿನಗಿದೆ. ಮಾವ ಈಗಲೇ ಅಲ್ಲಿ ಹೋಗಿ ವಿಚಾರಿಸಲಿ. ರಾತ್ರಿ ನಿದ್ದೆ ಬರದೆ ‘ನಾನು ಪಾಪಿ’ ಎಂಬ ಯೋಚನೆ ಕಾಡಿದರೆ 14416ಕ್ಕೆ ಕರೆ ಮಾಡು. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಕನ್ನಡದಲ್ಲೇ ಮಾತಾಡುತ್ತಾರೆ.

ಮಾರ್ಕ್ಸ್ ಕಾರ್ಡ್, ಟಿಸಿ, ಆಧಾರ್ ಆಶ್ರಮದ ಕಚೇರಿಯಲ್ಲಿದ್ದರೆ, ಬರುವಾಗ ತರುವಂತೆ ಮಾವನಿಂದ ಅಪ್ಪನಿಗೆ ಇವತ್ತೇ ಫೋನ್ ಮಾಡಿಸು. ಕೊಡದಿದ್ದರೂ ಹೆದರಬೇಡ, ಮಾರ್ಕ್ಸ್ ಕಾರ್ಡಿನ ಎರಡನೇ ಪ್ರತಿಗೆ ನಿನ್ನ ಶಾಲೆಯ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಹಾಕಬಹುದು. ಪಿಯುಸಿ ದಾಖಲಾತಿಯ ಕೊನೆಯ ದಿನ ಯಾವಾಗ ಎಂದು ನಾಳೆಯೇ ಕಾಲೇಜಿಗೆ ಹೋಗಿ ಕೇಳಿಕೊಂಡು ಬಾ.

(ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಈ ಉತ್ತರವನ್ನು ಮೊದಲೇ ಮಾವನ ಫೋನಿಗೆ ಕಳಿಸಿ, ನೀನು ಒಪ್ಪಿದ ಮೇಲೆಯೇ ಇಲ್ಲಿ ಪ್ರಕಟಿಸಿದ್ದೇನೆ.)