ಮಗನ ಕಣ್ಣಿಗೆ ಲೇಸರ್ ಹಾಕಿಸುವ ಮುನ್ನ ಅಧಿಸೂಚನೆ ಓದಿ

ಎನ್‌ಡಿಎ, ಅಂದರೆ ಪಿಯುಸಿ ಮುಗಿಸಿದವರನ್ನು ಸೇನಾಧಿಕಾರಿಗಳಾಗಿ ತಯಾರು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅರ್ಜಿ ಕರೆಯುವುದು ವರ್ಷಕ್ಕೆ ಎರಡು ಸಲ. ಎರಡು ಸಲವೂ ನನಗೆ ಅದೇ ಪ್ರಶ್ನೆಗಳು ಬರುತ್ತವೆ, ಊರು ಮಾತ್ರ ಬೇರೆ. ಈ ಸಲ ಒಂದಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ, ಉಳಿದವರು ಬೇಸರ ಮಾಡಿಕೊಳ್ಳಬೇಡಿ. 6/6 ಎಂದರೇನು, ಮೈನಸ್ ಪವರ್ ಎಂದರೇನು ಎಂದು ಬರೆದವರಿಗೆ ಇಲ್ಲಿ ಉತ್ತರವಿಲ್ಲ. ಕನ್ನಡಕದ ಅಂಗಡಿಯ ಹುಡುಗ ನನಗಿಂತ ಚೆನ್ನಾಗಿ ಹೇಳುತ್ತಾನೆ.

ಮಗನಿಗೆ 17 ವರ್ಷ, ಪಿಯುಸಿ ಎರಡನೇ ವರ್ಷ. ಎರಡೂ ಕಣ್ಣಿಗೆ ಮೈನಸ್ 3.25. ಎನ್‌ಡಿಎ ಸೇರಿ ಭೂಸೇನೆಯ ಅಧಿಕಾರಿಯಾಗುವ ಹಟ ಹಿಡಿದಿದ್ದಾನೆ. 18 ತುಂಬಿದ ಕೂಡಲೇ ಲೇಸಿಕ್ (ಕನ್ನಡಕ ಬಿಡಿಸುವ ಲೇಸರ್ ಚಿಕಿತ್ಸೆ) ಮಾಡಿಸಿ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಕೋಚಿಂಗ್ ಸೆಂಟರಿನವರು ಹೇಳುತ್ತಾರೆ. ಹೊಲದ ಮೇಲೆ ಸಾಲ ಎತ್ತಲು ತಯಾರಿದ್ದೇನೆ. ಮಾಡಿಸಬಹುದೇ? — ಗದಗ ಜಿಲ್ಲೆಯ ಒಬ್ಬ ತಂದೆ

ಬೇಡ. ಸಾಲವೂ ಬೇಡ, ಲೇಸಿಕ್ಕೂ ಬೇಡ.

ಎನ್‌ಡಿಎಗೆ ಸೇರುವ ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಆ ದಾರಿಯಲ್ಲಿ ಭೂಸೇನೆಗೆ ಹೋಗುವವರಿಗೆ ಮೈನಸ್ 2.5ರೊಳಗಿನ ಪವರ್ ಇದ್ದರೂ ನಡೆಯುತ್ತದೆ, ಕನ್ನಡಕ ಹಾಕಿದಾಗ ಎರಡೂ ಕಣ್ಣು 6/6, ಅಂದರೆ ಪೂರ್ತಿ ದೃಷ್ಟಿ, ಬರಬೇಕು. ಲೇಸಿಕ್ ಮಾಡಿಸಿದವರನ್ನು ಮಾತ್ರ ತೆಗೆದುಕೊಳ್ಳುವುದಿಲ್ಲ. ಅಂದರೆ ನಿಮ್ಮ ಮಗನಿಗೆ ಕನ್ನಡಕ ಇದ್ದರೂ ಎನ್‌ಡಿಎ ಇಲ್ಲ, ಕನ್ನಡಕ ಬಿಡಿಸಿದರೂ ಎನ್‌ಡಿಎ ಇಲ್ಲ. ಕೋಚಿಂಗ್‌ನವರು ಇದನ್ನು ಫೀಸು ಕಟ್ಟಿಸಿಕೊಳ್ಳುವ ಮೊದಲೇ ಹೇಳಬೇಕಿತ್ತು.

ಈಗ ಅವರು ಹೇಳದೇ ಬಿಟ್ಟ ಇನ್ನೊಂದು ವಿಷಯ. ಡಿಗ್ರಿ ಮುಗಿಸಿ ಸಿಡಿಎಸ್ ಎಂಬ ಸೇನಾಧಿಕಾರಿ ಭರ್ತಿ ಪರೀಕ್ಷೆ ಬರೆದು ಹೋಗುವವರಿಗೆ ಮಿತಿ ಸಡಿಲ: ಮೈನಸ್ 3.5ರೊಳಗೆ ಇದ್ದರೆ ಸಾಕು. ಕನ್ನಡಕ ತೆಗೆದಾಗ 6/60, ಅಂದರೆ ಚಾರ್ಟಿನ ಮೇಲ್ತುದಿಯ ಆ ದೊಡ್ಡ ಅಕ್ಷರವನ್ನಾದರೂ ಓದಬೇಕು. ಹಾಕಿದಾಗ 6/6 ಬರಬೇಕು. ನಿಮ್ಮ ಮಗನ 3.25 ಇದರೊಳಗೇ ಇದೆ. ಅಂಚಿನಲ್ಲಿದೆ, ಒಪ್ಪುತ್ತೇನೆ, ಆದರೆ ಒಳಗಿದೆ. ಪವರ್ ಏರದಿದ್ದರೆ ಅವನು ಕಣ್ಣಿಗೆ ಏನನ್ನೂ ಮಾಡಿಸದೆ, ಕನ್ನಡಕ ಹಾಕಿಕೊಂಡೇ ಅಧಿಕಾರಿಯಾಗಬಹುದು.

ಏರಿದರೆ? ಆಗಲೂ ದಾರಿಯಿದೆ. ಸಿಡಿಎಸ್‌ನಲ್ಲಿ ಲೇಸಿಕ್‌ಗೆ ಅನುಮತಿ ಇದೆ, ಷರತ್ತುಗಳೊಡನೆ. ಶಸ್ತ್ರಚಿಕಿತ್ಸೆಯ ದಿನ 20 ವರ್ಷ ದಾಟಿರಬೇಕು. ಮೆಡಿಕಲ್‌ಗೆ ಹೋಗುವಾಗ ಅದು ಮುಗಿದು 12 ತಿಂಗಳು ಆಗಿರಬೇಕು. ಕಾರ್ನಿಯಾ ಎಂಬ ಕಣ್ಣಿನ ಮುಂದಿನ ಪಾರದರ್ಶಕ ಪದರದ ನಡುಭಾಗದ ದಪ್ಪ 450 ಮೈಕ್ರಾನ್‌ಗಿಂತ ಕಡಿಮೆ ಇರಬಾರದು, ಉಳಿದ ಪವರ್ ಒಂದು ಡಯಾಪ್ಟರ್ (ಪವರ್ ಅಳೆಯುವ ಮಾನ) ಮೀರಬಾರದು, ಕಣ್ಣುಗುಡ್ಡೆಯ ಉದ್ದ 26 ಮಿಲಿಮೀಟರ್ ದಾಟಿರಬಾರದು, ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾ ಆರೋಗ್ಯವಾಗಿರಬೇಕು. ಮೊದಲನೇ ಷರತ್ತನ್ನು ಇನ್ನೊಮ್ಮೆ ಓದಿ. 18ಕ್ಕೆ ಲೇಸಿಕ್ ಮಾಡಿಸಿದ ಹುಡುಗ ಎನ್‌ಡಿಎಗೂ ಇಲ್ಲ, ಮೂರು ವರ್ಷ ಬಿಟ್ಟು ಸಿಡಿಎಸ್‌ಗೂ ಇಲ್ಲ. ಅವನಿಗೆ ಮುಂದೆ 20 ತುಂಬುತ್ತದೆ, ಆದರೆ ಆಪರೇಷನ್ನಿನ ತಾರೀಖು 18ರದ್ದೇ ಆಗಿರುತ್ತದೆ. ಇಂಥ ಹುಡುಗರು ನನ್ನ ಎದುರು ಕೂತು ಅತ್ತಿದ್ದಾರೆ. ಲೇಸರ್ ಕೊರೆದ ಕಾರ್ನಿಯಾವನ್ನು ಮತ್ತೆ ತುಂಬಿಸುವ ವಿದ್ಯೆ ನನಗೂ ಇಲ್ಲ, ಯಾರಿಗೂ ಇಲ್ಲ.

ಯಾರಿಗೂ ಗೊತ್ತಾಗುವುದಿಲ್ಲ ಎಂಬ ಮಾತು ಶುದ್ಧ ಸುಳ್ಳು. ಲೇಸಿಕ್‌ನಲ್ಲಿ ಕಾರ್ನಿಯಾದ ಮೇಲ್ಪದರವನ್ನು ಕತ್ತರಿಸಿ ಮಡಚಿ, ಕೆಳಗೆ ಲೇಸರ್ ಹಾಯಿಸಿ, ಮತ್ತೆ ಮುಚ್ಚುತ್ತಾರೆ. ಆ ಪದರದ ಅಂಚು ಸ್ಲಿಟ್ ಲ್ಯಾಂಪ್ ಎಂಬ, ಕಣ್ಣನ್ನು ಹಿಗ್ಗಿಸಿ ತೋರಿಸುವ ಯಂತ್ರದಲ್ಲಿ ವರ್ಷಗಳ ನಂತರವೂ ಕಾಣುತ್ತದೆ. ಅದು ತಪ್ಪಿದರೂ ಟೊಪೊಗ್ರಫಿ ಎಂಬ ಪರೀಕ್ಷೆಯಲ್ಲಿ ಕಾರ್ನಿಯಾದ ನಡುಭಾಗ ಚಪ್ಪಟೆಯಾಗಿರುವುದು ಬಣ್ಣ ಬಣ್ಣವಾಗಿ ಎದ್ದು ಕಾಣುತ್ತದೆ. ಮೆಡಿಕಲ್ ನಡೆಸುವ ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ಕೂತಿರುವವರು ನೇತ್ರತಜ್ಞರು, ಟಿಕೆಟ್ ಹರಿಯುವವರಲ್ಲ.

ಕಣ್ಣುಗುಡ್ಡೆಯ ಉದ್ದದ ಷರತ್ತು ಏಕೆ ಎಂದು ಯಾರೂ ಕೇಳುವುದಿಲ್ಲ, ನನ್ನ ಪ್ರಕಾರ ಅದೇ ಮುಖ್ಯ. ಮೈನಸ್ ಪವರ್ ಬರುವುದು ಬಹುಮಟ್ಟಿಗೆ ಕಣ್ಣುಗುಡ್ಡೆ ಹಿಂದಕ್ಕೆ ಉದ್ದವಾಗಿ ಬೆಳೆಯುವುದರಿಂದ. ಸಾಮಾನ್ಯ ಕಣ್ಣು ಸುಮಾರು 23ರಿಂದ 24 ಮಿಲಿಮೀಟರ್. ಒಂದು ಮಿಲಿಮೀಟರ್ ಹೆಚ್ಚಿದರೆ ಎರಡೂವರೆ, ಮೂರು ಡಯಾಪ್ಟರ್ ಏರುತ್ತದೆ. ಲೇಸರ್ ಸರಿಮಾಡುವುದು ಮುಂದಿನ ಕಾರ್ನಿಯಾವನ್ನು ಮಾತ್ರ. ಕಿಟಕಿಗೆ ಹೊಸ ಗಾಜು ಕೂರಿಸಿದರೆ ಪಡಸಾಲೆ ಗಿಡ್ಡವಾಗುವುದಿಲ್ಲ. ಕಣ್ಣು ಉದ್ದವೇ ಉಳಿಯುತ್ತದೆ, ಹಿಂದೆ ರೆಟಿನಾ ಹಿಗ್ಗಿ ತೆಳುವಾಗಿಯೇ ಇರುತ್ತದೆ. ಅಂಥ ರೆಟಿನಾ ಹರಿಯುವ, ಕಳಚುವ ಅಪಾಯ ಹೆಚ್ಚು. ಗುಡ್ಡಗಾಡಿನಲ್ಲಿ, ಆಸ್ಪತ್ರೆ ಎರಡು ದಿನದ ದಾರಿ ಇರುವ ಠಾಣೆಯಲ್ಲಿ ಅದು ಕಳಚಿದರೆ ಕಣ್ಣು ಹೋಯಿತು. ಸೇನೆ ಹುಡುಗನ ಮೇಲೆ ಹಗೆ ಸಾಧಿಸುತ್ತಿಲ್ಲ.

ಇದಲ್ಲದೆ, ನಿಯಮ ಏನೇ ಇರಲಿ, ಹದಿನೆಂಟರ ಕಣ್ಣಿಗೆ ನಾನು ಲೇಸರ್ ಹಾಕುವುದಿಲ್ಲ. ಆ ವಯಸ್ಸಿನಲ್ಲಿ ಪವರ್ ಇನ್ನೂ ಏರುತ್ತಿರಬಹುದು. ಕೆರಾಟೊಕೋನಸ್ ಎಂಬ ರೋಗದಲ್ಲಿ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುತ್ತದೆ. ಅದು ತಲೆಯೆತ್ತುವುದೂ ಇದೇ ವಯಸ್ಸಿನಲ್ಲಿ. ಅದು ಅಡಗಿರುವ ಕಣ್ಣಿಗೆ ಲೇಸರ್ ಹಾಕಿದರೆ ಸೇನೆ ಹಾಗಿರಲಿ, ಬೈಕ್ ಓಡಿಸುವುದೂ ಕಷ್ಟವಾದೀತು. ನನ್ನದು ಅತಿ ಎಚ್ಚರಿಕೆ ಎನ್ನುವ ಸಹೋದ್ಯೋಗಿಗಳಿದ್ದಾರೆ. ಇರಲಿ.

ಸದ್ಯಕ್ಕೆ ಮಾಡಬೇಕಾದ್ದು ಇಷ್ಟು: ಹನಿ ಹಾಕಿ ಪವರ್ ಪರೀಕ್ಷೆ, ಒಂದು ರೆಟಿನಾ ಪರೀಕ್ಷೆ, ಕಣ್ಣಿನ ಉದ್ದದ ಅಳತೆ. ಆರು ತಿಂಗಳಿಗೊಮ್ಮೆ ಪವರ್ ನೋಡಿಸಿ, ಚೀಟಿಗಳನ್ನು ಎತ್ತಿಡಿ. ಕಣ್ಣು ಉಜ್ಜುವ ಚಟ ಇದ್ದರೆ ಬಿಡಿಸಿ. ಹುಡುಗನನ್ನು ಒಳ್ಳೆಯ ಡಿಗ್ರಿಗೆ ಸೇರಿಸಿ. ಸಿಡಿಎಸ್ ಬರೆದು ಸೇರುವ ಡೆಹ್ರಾಡೂನಿನ ಸೇನಾ ಅಕಾಡೆಮಿಗೆ 24ರ ವಯಸ್ಸಿನವರೆಗೆ ಅವಕಾಶವಿದೆ, ಆತುರವೇನೂ ಇಲ್ಲ. ಪ್ರತಿ ಸಲವೂ ಯುಪಿಎಸ್‌ಸಿ ಅಧಿಸೂಚನೆಯಲ್ಲಿ ವೈದ್ಯಕೀಯ ಮಾನದಂಡಗಳ ಅನುಬಂಧ ಓದಿ, ನಿಯಮ ಆಗಾಗ ಬದಲಾಗುತ್ತದೆ. ಅದನ್ನು ಓದಲು ಫೀಸಿಲ್ಲ.

ಬಣ್ಣಗುರುಡು ಮೂರು ತಿಂಗಳಲ್ಲಿ ಗುಣ ಎಂಬ ಜಾಹೀರಾತು ನೋಡಿದೆ. ನಿಜವೇ? — ವಿಜಯಪುರ

ಸುಳ್ಳು. ಕೆಂಪು–ಹಸಿರು ಬಣ್ಣಗುರುಡು ಹುಟ್ಟಿನಿಂದ ಬಂದದ್ದು, ತಾಯಿಯ ಎಕ್ಸ್ ಕ್ರೋಮೋಸೋಮಿನ ಮೂಲಕ ಮಗನಿಗೆ ಬರುತ್ತದೆ. ಹನಿ, ಗುಳಿಗೆ, ಬಣ್ಣದ ಕನ್ನಡಕ ಯಾವುದರಿಂದಲೂ ಹೋಗುವುದಿಲ್ಲ. ಆ ಚಿಕಿತ್ಸೆಯಲ್ಲಿ ನಡೆಯುವುದು ಇಶಿಹಾರ ಪುಸ್ತಕದ, ಅಂದರೆ ಬಣ್ಣದ ಚುಕ್ಕೆಗಳ ನಡುವೆ ಅಡಗಿದ ಅಂಕಿ ಓದಿಸುವ ಪರೀಕ್ಷೆಯ ಪುಸ್ತಕದ, ಬಾಯಿಪಾಠ. ಆ ಪುಸ್ತಕ ಮಾಡಿದ ಇಶಿಹಾರ ಜಪಾನಿನ ಸೇನಾ ವೈದ್ಯರಾಗಿದ್ದವರು, 1917ರಲ್ಲಿ ಅದನ್ನು ಪ್ರಕಟಿಸಿದರು, ಅದೂ ಸೈನ್ಯದ ಭರ್ತಿಗೆಂದೇ ಮಾಡಿದ್ದು. ನೂರು ವರ್ಷಗಳಿಂದ ಹುಡುಗರು ಅದನ್ನು ಉರು ಹೊಡೆಯುತ್ತಿದ್ದಾರೆ, ಪರೀಕ್ಷಕರು ಪುಟ ಹಿಂದುಮುಂದು ಮಾಡುತ್ತಿದ್ದಾರೆ. ಅಂಕಿಯೇ ಇಲ್ಲದ, ಬೆರಳಿನಿಂದ ಗೆರೆ ಹಿಂಬಾಲಿಸುವ ಪುಟಗಳೂ ಅದರಲ್ಲಿವೆ. ಹಣ ಉಳಿಸಿ, ಬೇರೆ ಕೆಲಸ ಹುಡುಕಿ. ನಿಮ್ಮ ದೃಷ್ಟಿಗೆ ಬೇರೇನೂ ಆಗಿಲ್ಲ.

ನಂದಿಬಟ್ಟಲು ಹೂವಿನ ರಸ ಬಿಟ್ಟರೆ ನಂಬರ್ ಇಳಿಯುತ್ತದೆಯೇ? ಸೂರ್ಯನನ್ನು ದಿಟ್ಟಿಸುವ ಅಭ್ಯಾಸ ಒಳ್ಳೆಯದೇ? — ಸಾಗರ

ಮೊದಲನೆಯದರಿಂದ ಕಣ್ಣು ಹುಣ್ಣಾಗಬಹುದು, ಎರಡನೆಯದರಿಂದ ರೆಟಿನಾದ ನಡುಭಾಗ ಸುಟ್ಟುಹೋಗಬಹುದು. ಹುಣ್ಣು ಮಾಯ್ದ ಮೇಲೆ ಉಳಿಯುವ ಬಿಳಿ ಕಲೆಯೊಂದೇ ಸಾಕು ಮೆಡಿಕಲ್‌ನಲ್ಲಿ ಔಟಾಗಲು. ಹೂವು ದೇವರಿಗಿರಲಿ.

ಅಗ್ನಿವೀರ್ ವಾಯುವಿಗೆ (ವಾಯುಪಡೆಯ ಅಗ್ನಿವೀರ್ ಭರ್ತಿಗೆ) ಲೇಸಿಕ್ ನಡೆಯುತ್ತದೆಯೇ? — ಬಳ್ಳಾರಿ

ಇಲ್ಲ.

ಎನ್‌ಡಿಎ ಮೂಲಕ ಪೈಲಟ್ ಆಗಬೇಕು. ಮೈನಸ್ 1 ಇದೆ. — ಹಾಸನ

ಆಗುವುದಿಲ್ಲ. ವಿಮಾನ ಹಾರಿಸದ ಶಾಖೆಗಳ ನಿಯಮ ಬೇರೆ, ಅದನ್ನು ನೋಡಿ.

ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಹೋದರೆ? — ಚಿಕ್ಕೋಡಿ

ಸ್ಲಿಟ್ ಲ್ಯಾಂಪಿನಡಿ ಮೊದಲ ನೋಟಕ್ಕೇ ಕಾಣುತ್ತದೆ.

ನಮ್ಮಜ್ಜ ಸೈನ್ಯದಲ್ಲಿದ್ದಾಗ ದಪ್ಪ ಕನ್ನಡಕ ಹಾಕುತ್ತಿದ್ದರು, ನನಗೇಕೆ ಆಗದು? — ಮಡಿಕೇರಿ

ಅವರಿಗೆ ಕನ್ನಡಕ ಬಂದದ್ದು ಸೇರಿದ ಮೇಲೆ ಇರಬೇಕು. ಮನೆಯಲ್ಲಿ ವಿಚಾರಿಸಿ.

ಎಸ್‌ಎಸ್‌ಬಿ (ಸೇನಾಧಿಕಾರಿಗಳ ಆಯ್ಕೆ ಸಂದರ್ಶನ) ಪಾಸಾಗಿ ಕಣ್ಣಿನಲ್ಲಿ ತಾತ್ಕಾಲಿಕ ಅನರ್ಹ ಎಂದು ಬಂದಿದೆ. ಎಷ್ಟು ದಿನ ಸಮಯ? — ಶಿರಸಿ

ಮೇಲ್ಮನವಿ ವೈದ್ಯಕೀಯ ಮಂಡಳಿಯ ಮುಂದೆ 42 ದಿನಗಳೊಳಗೆ ಹೋಗಬೇಕು. ಪತ್ರ ಬರೆದು ಉತ್ತರಕ್ಕೆ ಕಾಯುತ್ತ ಅದರಲ್ಲಿ ಎಷ್ಟು ದಿನ ಕಳೆದಿರೋ! ಕಾರಣ ಬರೆದ ಕಾಗದ ಹಿಡಿದು ನಾಳೆಯೇ ಹತ್ತಿರದ ನೇತ್ರತಜ್ಞರ ಬಳಿ ಹೋಗಿ.