ಠಾಣೆ ಮೆಟ್ಟಿಲು: ಅರೆಸ್ಟ್ ಜಾಸ್ತಿಯಾದರೆ ಡ್ರಗ್ಸ್ ಜಾಸ್ತಿ ಅಂತಲೇ?

(ಓದುಗರ ಪ್ರಶ್ನೆಗಳಿಗೆ ನಿವೃತ್ತ ಪೊಲೀಸ್ ಇನ್‌ಸ್ಪೆಕ್ಟರ್ ಒಬ್ಬರ ಉತ್ತರ)

ಪ್ರಶ್ನೆ: ಸರ್, ನಮ್ಮ ಜಿಲ್ಲೆಯ ಪುಟದಲ್ಲಿ ಕೆಲವು ತಿಂಗಳು ದಿನಾ ‘ಗಾಂಜಾ ಸೇವನೆ: ಯುವಕರ ಬಂಧನ’ ಅಂತ ಬರುತ್ತದೆ. ಆಮೇಲೆ ಎರಡು ತಿಂಗಳು ಸುದ್ದಿಯೇ ಇಲ್ಲ. ಗಾಂಜಾ ನಿಂತುಹೋಯಿತೋ, ಪೊಲೀಸರು ಸುಮ್ಮನಾದರೋ? ಅರೆಸ್ಟ್ ಜಾಸ್ತಿಯಾದರೆ ಊರು ಕೆಡುತ್ತಿದೆ ಅಂತ ತಿಳಿಯಬೇಕೋ, ಸುಧಾರಿಸುತ್ತಿದೆ ಅಂತಲೋ?
– ನಿವೃತ್ತ ಶಿಕ್ಷಕರು, ದಾವಣಗೆರೆ

ಉತ್ತರ: ಮೇಷ್ಟ್ರೇ, ಗಾಂಜಾ ನಿಂತಿರುವುದಿಲ್ಲ. ಹುಡುಕುವವರು ಬೇರೆ ಕೆಲಸಕ್ಕೆ ಹೋಗಿರುತ್ತಾರೆ. ಗಣಪತಿ ಬಂದೋಬಸ್ತು, ಚುನಾವಣೆ, ಮಂತ್ರಿಗಳ ಪ್ರವಾಸ. ಜಿಲ್ಲೆಯ ಸಿಇಎನ್ ಠಾಣೆಗೆ ಸೈಬರ್, ಆರ್ಥಿಕ ಅಪರಾಧ, ಮಾದಕ ವಸ್ತು ಮೂರೂ ಸೇರಿವೆ. ಸೈಬರ್ ವಂಚನೆಯಲ್ಲಿ ದುಡ್ಡು ಕಳೆದುಕೊಂಡವರು ಬೆಳಿಗ್ಗೆಯಿಂದಲೇ ಬೆಂಚಿನ ಮೇಲೆ ಕೂತಿರುತ್ತಾರೆ. ಗಾಂಜಾ ವಿಷಯದಲ್ಲಿ ದೂರು ಕೊಡಲು ಯಾರು ಬರುತ್ತಾರೆ? ಮಾರಿದವನೂ ಬರುವುದಿಲ್ಲ, ಕೊಂಡವನೂ ಬರುವುದಿಲ್ಲ. ಪೊಲೀಸರು ಎದ್ದು ಹೋಗಿ ಹುಡುಕಿದರೆ ಮಾತ್ರ ಕೇಸು. ಆದ್ದರಿಂದ ಅರೆಸ್ಟ್ ಸಂಖ್ಯೆ ನೋಡಿದರೆ ಪೊಲೀಸರು ಎಷ್ಟು ಓಡಾಡಿದರು ಅನ್ನುವುದು ಗೊತ್ತಾಗುತ್ತದೆ. ಊರಿಗೆ ಎಷ್ಟು ಮಾಲು ಬಂತು ಅನ್ನುವುದು ಅದರಲ್ಲಿ ಸಿಗುವುದಿಲ್ಲ.

ನನ್ನದೇ ಕಥೆ ಹೇಳುತ್ತೇನೆ. ತಿಂಗಳ ಕ್ರೈಂ ಮೀಟಿಂಗ್‌ನಲ್ಲಿ ಪ್ರತಿ ಠಾಣೆಗೂ ಒಂದು ಹಾಳೆ. ಅದರಲ್ಲಿ ಎನ್‌ಡಿಪಿಎಸ್, ಅಂದರೆ ಮಾದಕ ವಸ್ತು ಕಾಯ್ದೆಯ ಕೇಸು, ಅಂತ ಒಂದು ಕಾಲಂ. ಒಂದು ಸಲ ನಮ್ಮ ಕಾಲಂನಲ್ಲಿ ಸೊನ್ನೆ ಇತ್ತು. ‘ಏನ್ರೀ, ನಿಮ್ಮೂರಲ್ಲಿ ಎಲ್ಲರೂ ಹಾಲು ಕುಡೀತಾರಾ?’ ಅಂದರು ಸಾಹೇಬರು. ಸಭೆ ಪೂರ್ತಿ ನಕ್ಕಿತು. ಅವತ್ತೇ ರಾತ್ರಿ ಜೀಪು ಹತ್ತಿದೆವು. ಹೊಸ ಬಡಾವಣೆಯ ಖಾಲಿ ಸೈಟಿನಲ್ಲಿ ನಾಲ್ಕು ಹುಡುಗರು ಸಿಕ್ಕರು. ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮೂತ್ರ ಪರೀಕ್ಷೆ ಮಾಡಿಸಿ, ನಾಲ್ವರ ಮೇಲೂ ಸೇವನೆ ಕೇಸು ಹಾಕಿದೆವು. ವಾಪಸ್ ಬರುವಾಗ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗ ತಾನಾಗಿಯೇ, ‘ಸಾರ್, ಕೊಟ್ಟವನು ಯಾರು ಅಂತ ಹೇಳ್ಲಾ?’ ಅಂದ. ಬೆಳಗಿನ ಜಾವ ಮೂರು ಗಂಟೆ. ಕಾಲಂ ತುಂಬಿತ್ತು. ಕಣ್ಣು ಎಳೆಯುತ್ತಿತ್ತು. ‘ನಾಳೆ ನೋಡೋಣ’ ಅಂದೆ. ಮಾರನೇ ದಿನ ಬಂದೋಬಸ್ತು ಬಿತ್ತು. ಅದು ಮುಗಿಸಿ ಬರುವಷ್ಟರಲ್ಲಿ ಕೊಟ್ಟವನ ಫೋನು ಸ್ವಿಚ್ ಆಫ್. ಪತ್ರಿಕೆಯಲ್ಲಿ ಮಾತ್ರ ‘ನಾಲ್ವರ ಬಂಧನ’ ಅಂತ ಬಂದಿತ್ತು, ನನ್ನ ಹೆಸರಿನ ಸಮೇತ.

ರಾಜ್ಯಗಳ ಲೆಕ್ಕವೂ ಇದೇ ಥರ. 2022ರಲ್ಲಿ ಕೇರಳದಲ್ಲಿ 26 ಸಾವಿರಕ್ಕಿಂತ ಜಾಸ್ತಿ ಎನ್‌ಡಿಪಿಎಸ್ ಕೇಸು ದಾಖಲಾದವು, ಪಂಜಾಬಿನಲ್ಲಿ 12 ಸಾವಿರ ಚಿಲ್ಲರೆ. ಹಾಗಂತ ಪಂಜಾಬಿಗಿಂತ ಕೇರಳದಲ್ಲಿ ಡ್ರಗ್ಸ್ ಎರಡರಷ್ಟು ಅಂತ ನೀವು ಒಪ್ಪುತ್ತೀರಾ? ಸಣ್ಣ ಪ್ರಮಾಣಕ್ಕೂ, ಬರೀ ಸೇದಿದ್ದಕ್ಕೂ ಬಿಡದೆ ಕೇಸು ಹಾಕುವ ಕಡೆ ಸಂಖ್ಯೆ ಏರುತ್ತದೆ.

ಹಾಗಾದರೆ ಸುದ್ದಿಯಲ್ಲಿ ಏನು ನೋಡಬೇಕು? ಮೊದಲು ತೂಕ. ಗಾಂಜಾ 1 ಕೆ.ಜಿ.ವರೆಗೆ ಸಣ್ಣ ಪ್ರಮಾಣ, 20 ಕೆ.ಜಿ. ದಾಟಿದರೆ ವಾಣಿಜ್ಯ ಪ್ರಮಾಣ. ಎಂಡಿಎಂಎ ಅನ್ನುವ ರಾಸಾಯನಿಕ ಡ್ರಗ್ಸ್‌ಗೆ ಆ ಲೆಕ್ಕ ಅರ್ಧ ಗ್ರಾಂ ಮತ್ತು 10 ಗ್ರಾಂ. ವಾಣಿಜ್ಯ ಪ್ರಮಾಣವಾದರೆ ಕನಿಷ್ಠ 10 ವರ್ಷ ಶಿಕ್ಷೆ, ಜಾಮೀನು ಬಲು ಕಷ್ಟ. ಇದು ಸಾಗಿಸುವವರಿಗೆ ಬಾಯಿಪಾಠ. ನಮಗೆ ಬಸ್‌ಸ್ಟ್ಯಾಂಡಿನಲ್ಲಿ ಸಿಗುತ್ತಿದ್ದ ಬ್ಯಾಗುಗಳು 18 ಕೆ.ಜಿ., 19 ಕೆ.ಜಿ. ತೂಗುತ್ತಿದ್ದವು. ಇಪ್ಪತ್ತೊಂದು ತೂಗಿದ್ದು ಅಪರೂಪ!

ಆಮೇಲೆ, ಕೇಸು ಎಲ್ಲಿ ನಿಂತಿತು ಅನ್ನುವುದು. 2020ರ ಸೆಪ್ಟೆಂಬರ್ ನೆನಪಿದೆಯಾ? ಸಿನಿಮಾದವರ ಬಂಧನದ ಗಲಾಟೆಯಲ್ಲಿ ಇನ್ನೊಂದು ಸುದ್ದಿ ಮುಚ್ಚಿಹೋಯಿತು. ಬೆಂಗಳೂರಿನ ಶೇಷಾದ್ರಿಪುರಂ ಪೊಲೀಸರು ಒಬ್ಬ ಆಟೊ ಚಾಲಕನನ್ನು ಹಿಡಿದರು. ಅಲ್ಲಿಗೇ ಬಿಡದೆ ಹಿಂದೆ ಹಿಂದೆ ಹೋಗಿ ಕಲಬುರಗಿ ಜಿಲ್ಲೆಯ ಒಂದು ಕುರಿ ಫಾರ್ಮ್ ತಲುಪಿದರು. ನೆಲದಡಿ ಬಚ್ಚಿಟ್ಟಿದ್ದ ಗಾಂಜಾ 1,300 ಕೆ.ಜಿ.ಗೂ ಜಾಸ್ತಿ. ಒಡಿಶಾದಿಂದ ತರಕಾರಿ ಲಾರಿಯಲ್ಲಿ ಬಂದ ಮಾಲು ಅದು.

ಮಂಗಳೂರಿನದೂ ಹಾಗೇ. 2024ರಲ್ಲಿ ಪಂಪ್‌ವೆಲ್ ಹತ್ತಿರ ಒಬ್ಬ ಸಿಕ್ಕಿದ್ದು 15 ಗ್ರಾಂ ಎಂಡಿಎಂಎ ಜೊತೆ. ಮಂಗಳೂರು ಸಿಸಿಬಿಯವರು (ನಗರ ಪೊಲೀಸರ ಅಪರಾಧ ವಿಭಾಗ) ಅಲ್ಲಿಂದ ಬೆಂಗಳೂರಿಗೆ ಹೋಗಿ ಸುಮಾರು 6 ಕೆ.ಜಿ. ಹಿಡಿದರು. ಅದೇ ಜಾಡು ಹಿಡಿದು 2025ರ ಮಾರ್ಚ್‌ನಲ್ಲಿ ದೆಹಲಿಯಿಂದ ವಿಮಾನದಲ್ಲಿ ಬಂದ ದಕ್ಷಿಣ ಆಫ್ರಿಕಾದ ಇಬ್ಬರು ಮಹಿಳೆಯರ ಟ್ರಾಲಿ ಬ್ಯಾಗಿನಲ್ಲಿ 37.87 ಕೆ.ಜಿ. ಸಿಕ್ಕಿತು. ಅವತ್ತು ‘15 ಗ್ರಾಂ, ಒಬ್ಬನ ಬಂಧನ’ ಅಂತ ಬರೆದು ಮುಗಿಸಿದ್ದರೆ?

ಅಂದ ಹಾಗೆ, ಕೋಟಿ ಲೆಕ್ಕ ನಂಬಬೇಡಿ. ಆ 6 ಕೆ.ಜಿ.ಗೆ 6 ಕೋಟಿ ಅಂದರು. 37.87 ಕೆ.ಜಿ.ಗೆ 75 ಕೋಟಿ. ನೀವು ಲೆಕ್ಕದ ಮೇಷ್ಟ್ರೋ ಏನೋ, ಭಾಗಿಸಿ ನೋಡಿ. ಆರು ತಿಂಗಳೊಳಗೆ ಗ್ರಾಂಗೆ 10 ಸಾವಿರ ಇದ್ದದ್ದು 20 ಸಾವಿರ ಆಗಿದೆ. ಪ್ರೆಸ್‌ಮೀಟಿನ ಬೆಲೆ ಬೇರೆ, ಬೀದಿಯ ಬೆಲೆ ಬೇರೆ.

ಒಂದು ಮಾತು ನಮ್ಮವರಿಗೂ. 2025ರ ಜುಲೈನಲ್ಲಿ ಮೈಸೂರಿನಲ್ಲಿ ಮೆಫೆಡ್ರೋನ್ ಅನ್ನುವ ರಾಸಾಯನಿಕ ಡ್ರಗ್ಸ್ ತಯಾರಿಸುತ್ತಿದ್ದ ಜಾಗ ಪತ್ತೆ ಹಚ್ಚಿದ್ದು ಮುಂಬೈನ ಸಾಕಿನಾಕಾ ಪೊಲೀಸರು. ಅವರ ಕೇಸು ಶುರುವಾಗಿದ್ದೂ ಮುಂಬೈನಲ್ಲಿ ಸಿಕ್ಕ 52 ಗ್ರಾಂನಿಂದ. ನಮ್ಮ ಹಿತ್ತಲ ಹಾವನ್ನು ಪಕ್ಕದೂರಿನವರು ಬಂದು ಹಿಡಿದ ಹಾಗಾಯಿತು. ನಾಚಿಕೆಯಾಗಬೇಕಾದದ್ದೇ.

ಜೂನ್ 26ರ ಮಾದಕ ವಸ್ತು ವಿರೋಧಿ ದಿನದ ಹಿಂದೆ ಮುಂದೆ ಮತ್ತು ಡಿಸೆಂಬರ್ ಕೊನೆಯ ವಾರ ನಿಮ್ಮ ಪತ್ರಿಕೆ ತೆಗೆದಿಟ್ಟುಕೊಳ್ಳಿ. ಮಾರ್ಚ್‌ನದರ ಜೊತೆ ಹೋಲಿಸಿ. ಸೇವನೆ ಕೇಸು ಎಷ್ಟು, ಕೊಟ್ಟವನನ್ನು ಹಿಡಿದದ್ದೆಷ್ಟು ಅಂತ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಬರೆದುಕೊಳ್ಳಿ.

ಪ್ರಶ್ನೆ: ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಹೋದ ತಿಂಗಳು ಗೆಳೆಯರ ಜೊತೆ ಸಿಕ್ಕಿಬಿದ್ದ. ಅವನ ಹತ್ತಿರ ಏನೂ ಇರಲಿಲ್ಲ, ಮೂತ್ರ ಪರೀಕ್ಷೆಯಲ್ಲಿ ಗಾಂಜಾ ಬಂತು. ಕೋರ್ಟಿನಲ್ಲಿ ದಂಡ ಕಟ್ಟಿ ಮುಗಿಸಿಬಿಡಿ ಅಂತ ಎಲ್ಲರೂ ಹೇಳುತ್ತಾರೆ. ಏನು ಮಾಡಲಿ?
– ಒಬ್ಬ ತಾಯಿ, ಹಾಸನ

ಉತ್ತರ: ತಾಯಿ, ಅವಸರದಲ್ಲಿ ದಂಡ ಕಟ್ಟಬೇಡಿ. ದಂಡ ಕಟ್ಟುವುದು ಅಂದರೆ ತಪ್ಪು ಒಪ್ಪಿಕೊಂಡ ಹಾಗೆ. ದಾಖಲೆಯಲ್ಲಿ ಶಿಕ್ಷೆಯಾದವನು ಅಂತಲೇ ಉಳಿಯುತ್ತದೆ. ನಾಳೆ ಪಾಸ್‌ಪೋರ್ಟ್, ಕೆಲಸದ ವೆರಿಫಿಕೇಶನ್ ಬಂದಾಗ ಎದ್ದು ಕೂರುತ್ತದೆ. ಗಾಂಜಾ ಸೇವನೆಗೆ ಹೆಚ್ಚೆಂದರೆ 6 ತಿಂಗಳು ಜೈಲು, ಇಲ್ಲವೇ 10 ಸಾವಿರದವರೆಗೆ ದಂಡ, ಅಥವಾ ಎರಡೂ.

ಅದೇ ಎನ್‌ಡಿಪಿಎಸ್ ಕಾನೂನಿನಲ್ಲಿ 64ಎ ಅಂತ ಒಂದು ಸೆಕ್ಷನ್ ಇದೆ. ಚಟಕ್ಕೆ ಬಿದ್ದವನು ತಾನಾಗಿ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಕಡೆ ಚಿಕಿತ್ಸೆಗೆ ಸೇರಿದರೆ, ಇಂಥ ಕೇಸಿನಿಂದ ಅವನಿಗೆ ರಕ್ಷಣೆ ಕೊಡಬಹುದು. ಚಿಕಿತ್ಸೆ ಪೂರ್ತಿ ಮುಗಿಸಬೇಕು, ಅರ್ಧಕ್ಕೆ ಬಿಟ್ಟರೆ ರಕ್ಷಣೆ ಹೋಗುತ್ತದೆ. ನಾನು ಕೆಲಸದಲ್ಲಿದ್ದಾಗ ಇದನ್ನು ಕೇಳಿಕೊಂಡು ಬಂದ ತಂದೆತಾಯಿಯರನ್ನು ಬೆರಳಲ್ಲಿ ಎಣಿಸಬಹುದು. ಪೊಲೀಸರು ಹೇಳುವುದಿಲ್ಲ, ವಕೀಲರೂ ಮರೆಯುತ್ತಾರೆ. ನಿಮ್ಮ ವಕೀಲರಿಗೆ ಸೆಕ್ಷನ್ ನಂಬರ್ ಹೇಳಿಯೇ ಕೇಳಿ. ಚಿಕಿತ್ಸೆ ಎಲ್ಲಿ ಸಿಗುತ್ತದೆ ಅಂತ ತಿಳಿಯಲು 14446ಕ್ಕೆ ಫೋನ್ ಮಾಡಿ, ಉಚಿತ. ಇನ್ನೊಂದು ವಿಷಯ: ಗಾಂಜಾ ಸೇದಿ ಕೆಲವು ದಿನ ಕಳೆದರೂ ಮೂತ್ರದಲ್ಲಿ ಕಾಣಿಸುತ್ತದೆ. ಅವತ್ತೇ, ಅಲ್ಲೇ ಸೇದಿದ ಅಂತ ಆ ಪರೀಕ್ಷೆ ಹೇಳುವುದಿಲ್ಲ. ವಕೀಲರಿಗೆ ಇದೂ ಗೊತ್ತಿರಲಿ.

ಮಗನನ್ನು ಹೊಡೆಯಬೇಡಿ. ಯಾರು ಕೊಟ್ಟರು ಅಂತ ಮಾತ್ರ ನಿಧಾನಕ್ಕೆ ಕೇಳಿ.

ಪ್ರಶ್ನೆ: ರಾತ್ರಿ ರೂಮಿಗೆ ಹೋಗುವಾಗ ಪೊಲೀಸರು ನಿಲ್ಲಿಸಿ ಬ್ಯಾಗು, ಜೇಬು ಎಲ್ಲ ತಡಕುತ್ತಾರೆ. ಬೇಡ ಅನ್ನಬಹುದಾ ಸರ್?
– ಪದವಿ ವಿದ್ಯಾರ್ಥಿ, ಮಂಗಳೂರು

ಉತ್ತರ: ತಮ್ಮಾ, ಮೈ ತಪಾಸಣೆಗೆ ಎನ್‌ಡಿಪಿಎಸ್ ಕಾನೂನಿನ 50ನೇ ಸೆಕ್ಷನ್ ಇದೆ. ‘ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರು ತಪಾಸಣೆ ಮಾಡಿ’ ಅಂತ ಕೇಳುವುದು ನಿನ್ನ ಹಕ್ಕು. ಆ ಹಕ್ಕಿದೆ ಅಂತ ನಿನಗೆ ಮೊದಲೇ ಹೇಳುವುದು ಪೊಲೀಸರ ಕೆಲಸ. ಇದು ಮೈಗೆ ಮಾತ್ರ, ಬ್ಯಾಗಿಗೆ ಅನ್ವಯಿಸುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಹುಡುಗಿಯರ ಮೈ ತಪಾಸಣೆ ಮಹಿಳೆಯರೇ ಮಾಡಬೇಕು.

ನಾವು ಒಂದು ರಾತ್ರಿ ತಹಸೀಲ್ದಾರರನ್ನು ಎಬ್ಬಿಸಿ ಕರೆತಂದಿದ್ದೆವು. ಸ್ವೆಟರ್ ಮೇಲೆ ಶಾಲು ಹೊದ್ದು, ಗೊಣಗುತ್ತಲೇ ಬಂದರು. ಗ್ರಾಂ ತೂಗಲು ಬಂಗಾರದ ಅಂಗಡಿಯವರ ತಕ್ಕಡಿ, ಸೀಲು ಹಾಕಲು ಅರಗು, ಪಂಚರಾಗಿ ಹೋಟೆಲಿನವರು ಇಬ್ಬರು. ಬೆಳಗಾಗುವವರೆಗೆ ಮಹಜರು ಬರೆದೆವು. ಆ ಕೇಸು ಕೋರ್ಟಿನಲ್ಲಿ ನಿಂತಿತು. ತಹಸೀಲ್ದಾರರ ನಿದ್ದೆ ಕೆಡಿಸಲು ಮುಜುಗರಪಟ್ಟ ಕೇಸುಗಳು ಬಿದ್ದುಹೋದವು. ಆದ್ದರಿಂದ ನೀನು ಜಗಳಕ್ಕೆ ನಿಲ್ಲಬೇಡ, ಮರ್ಯಾದೆಯಿಂದ ಕೇಳು. ಒಳ್ಳೆಯ ಅಧಿಕಾರಿಗೆ ಅದು ಅನುಕೂಲವೇ.

ಪ್ರಶ್ನೆ: ಗುತ್ತಿಗೆಗೆ ಕೊಟ್ಟ ನನ್ನ ಹೊಲದಲ್ಲಿ ಜೋಳದ ಮಧ್ಯೆ ಗಾಂಜಾ ಗಿಡ ಇದೆ ಅಂತ ಈಗ ಗೊತ್ತಾಯಿತು. ಕಿತ್ತು ಸುಟ್ಟುಬಿಡಲೇ?
– ರೈತ, ಹನೂರು

ಉತ್ತರ: ಬೇಡ ಗೌಡ್ರೇ, ಮುಟ್ಟಲೇಬೇಡಿ. ಗೊತ್ತಿದ್ದೂ ತಿಳಿಸದಿದ್ದರೆ ಜಮೀನಿನ ಯಜಮಾನನ ಮೇಲೂ ಕೇಸು ಬರುತ್ತದೆ, 46ನೇ ಸೆಕ್ಷನ್. ಒಂದು ಗಿಡ ಬೆಳೆದರೂ ಬೆಳೆದವನಿಗೆ 10 ವರ್ಷದವರೆಗೆ ಶಿಕ್ಷೆ ಇದೆ. ಪೊಲೀಸರು ಬಂದಾಗ ಬೇರು, ಮಣ್ಣು ಸಮೇತ ತೂಗಿ ಬರೆಯುವುದುಂಟು. ಕಾನೂನಿನ ಪ್ರಕಾರ ಗಾಂಜಾ ಅಂದರೆ ಹೂವು, ಕಾಯಿ ಇರುವ ತುದಿ ಮಾತ್ರ. ಆ ಜಗಳ ಗುತ್ತಿಗೆದಾರನ ವಕೀಲರು ನೋಡಿಕೊಳ್ಳಲಿ. ನೀವು ಇವತ್ತೇ ಠಾಣೆಗೆ ಹೋಗಿ ಬರವಣಿಗೆಯಲ್ಲಿ ತಿಳಿಸಿ. ಪಹಣಿ, ಗುತ್ತಿಗೆ ಪತ್ರದ ನಕಲು ಜೊತೆಗಿರಲಿ. ಸೀಲು ಹಾಕಿದ ಸ್ವೀಕೃತಿ ಕೈಗೆ ಬರುವವರೆಗೆ ಅಲ್ಲಿಂದ ಏಳಬೇಡಿ.